ಅಟ್ಟಕ್ಕೆ ಊದಿ ಹರಡುವ ಇನ್ಸುಲೇಷನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ಬಿಸಿ ರಾಜ್ಯಗಳಾದ ಟೆಕ್ಸಸ್, ಅರಿಜೋನ ಮತ್ತು ಫ್ಲಾರಿಡಾಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಂದ ಈ ಸಲ ಒಂದೇ ವಿಷಯದ ಮೇಲೆ ಹಲವು ಪತ್ರಗಳು ಬಂದಿವೆ. ಇಳಿಜಾರು ಛಾವಣಿಗೂ ಕೋಣೆಯ ಸೀಲಿಂಗಿಗೂ ನಡುವೆ ಇರುವ ಅಟ್ಟದಲ್ಲಿ, ಹತ್ತಿಯಂತೆ ಹಗುರವಾದ ಗಾಜಿನ ಎಳೆಯನ್ನೋ ಕಾಗದದ ಚೂರನ್ನೋ ಯಂತ್ರದಿಂದ ಊದಿ ಹರಡುವ ಇನ್ಸುಲೇಷನ್ ಕುರಿತ ಪ್ರಶ್ನೆಗಳವು. ಕಟ್ಟಡಗಳೊಳಗೆ ಬರುವ ಶಾಖದ ಲೆಕ್ಕ ಹಾಕುವ ಕೆಲಸವನ್ನೇ ಬಹುಕಾಲ ಮಾಡಿಕೊಂಡು ಬಂದ ನಾನು ಅರಿಜೋನದ ಅಟ್ಟಗಳಲ್ಲಿ ಮೊಣಕಾಲೂರಿ ತೆವಳಿದ್ದೇನೆ. ಆದ್ದರಿಂದ ಪುಸ್ತಕದ ಮಾತಿನ ಜೊತೆಗೆ ಕಣ್ಣಾರೆ ಕಂಡದ್ದನ್ನೂ ಇಲ್ಲಿ ಬರೆದಿದ್ದೇನೆ. ಕಲಬುರಗಿಯಿಂದ ಬಂದ ಒಂದು ಪತ್ರಕ್ಕೆ ಕೊನೆಯಲ್ಲಿ ಉತ್ತರವಿದೆ.

ಪ್ರಶ್ನೆ: ಹ್ಯೂಸ್ಟನ್ ಹತ್ತಿರದ ಕೇಟಿಯಲ್ಲಿ ನಮ್ಮದು ಸುಮಾರು 2,000 ಚದರ ಅಡಿಯ ಒಂದಂತಸ್ತಿನ ಮನೆ. ಅಟ್ಟದಲ್ಲಿ ನಾಲ್ಕು ಇಂಚಿನಷ್ಟು ಹಳೆಯ ಫೈಬರ್‌ಗ್ಲಾಸ್ ಚಪ್ಪಟೆಯಾಗಿ ಬಿದ್ದಿದೆ. ಮಧ್ಯಾಹ್ನ ಮೂರರ ನಂತರ ಎ.ಸಿ. ಎಷ್ಟು ಓಡಿದರೂ ಮನೆ ತಣ್ಣಗಾಗುವುದಿಲ್ಲ. ಬೇಸಿಗೆಗೆ ಮೈಸೂರಿನಿಂದ ಬರುವ ಅತ್ತೆ-ಮಾವನವರು ಮಲಗುವ ಹಿಂದಿನ ಕೋಣೆಯಲ್ಲಿ ಸೀಲಿಂಗ್ ಮುಟ್ಟಿದರೆ ಬೆಚ್ಚಗಿರುತ್ತದೆ. ಗುತ್ತಿಗೆದಾರರೊಬ್ಬರು ಆರ್-60 ಮಟ್ಟಕ್ಕೆ ಊದಿಸಿಬಿಡಿ, ಎಲ್ಲ ಸರಿಹೋಗುತ್ತದೆ ಎನ್ನುತ್ತಿದ್ದಾರೆ. ಅಷ್ಟು ಹಾಕಿಸಬೇಕೇ?

ಉತ್ತರ: ಹಾಕಿಸಬೇಕು, ಆದರೆ ಅಷ್ಟು ಬೇಡ, ಅದಕ್ಕೂ ಮೊದಲು ಮಾಡಿಸಬೇಕಾದ ಕೆಲಸ ಬೇರೆ ಇದೆ.

ಆರ್-ಮೌಲ್ಯವೆಂದರೆ ಶಾಖವು ಹಾದುಹೋಗುವುದನ್ನು ಒಂದು ಪದರವು ಎಷ್ಟು ತಡೆಯುತ್ತದೆ ಎಂಬುದರ ಅಳತೆ. ಬೇಸಿಗೆಯ ಮಧ್ಯಾಹ್ನ ನಿಮ್ಮ ಊರಿನ ಅಟ್ಟದೊಳಗಿನ ಗಾಳಿ 130 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 54 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ. ಕೋಣೆಯನ್ನು ನೀವು 76 ಡಿಗ್ರಿಯಲ್ಲಿಡಲು ಬಯಸುತ್ತೀರಿ ಎಂದಿಟ್ಟುಕೊಂಡರೆ ಸೀಲಿಂಗಿನ ಮೇಲಕ್ಕೂ ಕೆಳಕ್ಕೂ 54 ಡಿಗ್ರಿ ಫ್ಯಾರನ್‌ಹೀಟಿನ ಅಂತರವಾಯಿತು. 2,000 ಚದರ ಅಡಿಯನ್ನು 54ರಿಂದ ಗುಣಿಸಿ ಆರ್-ಮೌಲ್ಯದಿಂದ ಭಾಗಿಸಿದರೆ ಗಂಟೆಗೆ ಎಷ್ಟು ಬಿಟಿಯು (ಶಾಖವನ್ನು ಅಳೆಯುವ ಮಾನ) ಶಾಖ ಕೆಳಗಿಳಿಯುತ್ತದೆ ಎಂಬುದು ಸಿಗುತ್ತದೆ. ನಿಮ್ಮ ನಾಲ್ಕು ಇಂಚಿನ ಹಳೆಯ ಪದರವನ್ನು ಆರ್-10 ಎಂದು ಹಿಡಿದರೆ ಗಂಟೆಗೆ 10,800 ಬಿಟಿಯು. ಎ.ಸಿ. ಯಂತ್ರದ ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು ಆದ್ದರಿಂದ, ನಿಮ್ಮ ಯಂತ್ರದ ಹತ್ತಿರ ಹತ್ತಿರ ಒಂದು ಟನ್ ಶಕ್ತಿ ಸೀಲಿಂಗಿನಿಂದ ಇಳಿಯುವ ಬಿಸಿಯನ್ನು ಹೊರಹಾಕುವುದಕ್ಕೇ ಹೋಗುತ್ತಿದೆ. ಅದನ್ನು ಆರ್-49ಕ್ಕೆ ಏರಿಸಿದರೆ ಇಳಿಯುವ ಶಾಖ ಸುಮಾರು 2,200ಕ್ಕೆ ಕುಸಿಯುತ್ತದೆ. ಅಲ್ಲಿಂದ ಮುಂದೆ ಆರ್-60ಕ್ಕೆ ಹೋದರೆ 1,800. ಮೊದಲ ಹೆಜ್ಜೆಯಲ್ಲಿ ಎಂಟೂವರೆ ಸಾವಿರ ಬಿಟಿಯು ಉಳಿಯಿತು, ಎರಡನೆಯದರಲ್ಲಿ ಉಳಿದದ್ದು ನಾನೂರು ಮಾತ್ರ. ಆ ನಾನೂರಕ್ಕಾಗಿ ಕೊಡುವ ಹಣವನ್ನು ಕೆಳಗೆ ಹೇಳುವ ಕೆಲಸಗಳಿಗೆ ಕೊಡಿ ಎಂಬುದು ನನ್ನ ಖಚಿತವಾದ ಸಲಹೆ.

ಹ್ಯೂಸ್ಟನ್ ಇರುವುದು ಅಮೆರಿಕದ ಕಟ್ಟಡ ಇಂಧನ ಸಂಹಿತೆಯ ಎರಡನೇ ಹವಾಮಾನ ವಲಯದಲ್ಲಿ. ಏನೂ ಹಾಕಿರದ ಅಟ್ಟಕ್ಕೆ ಈ ವಲಯದಲ್ಲಿ ಆರ್-49 ಇರಲಿ, ಆಗಲೇ ಮೂರು-ನಾಲ್ಕು ಇಂಚು ಇದ್ದರೆ ಅದರ ಮೇಲೆ ಆರ್-38 ಸೇರಿಸಿದರೆ ಸಾಕು ಎಂಬುದು ಎನರ್ಜಿ ಸ್ಟಾರ್ ಎಂಬ ಸರ್ಕಾರಿ ಯೋಜನೆಯ ಶಿಫಾರಸು. ನಿಮ್ಮ ಹಳೆಯ ಪದರ ಒಣಗಿದ್ದು, ಇಲಿಯ ಹಿಕ್ಕೆಯಾಗಲಿ ಬೂಷ್ಟಿನ ವಾಸನೆಯಾಗಲಿ ಇಲ್ಲದಿದ್ದರೆ ಅದನ್ನು ತೆಗೆಸುವ ಅಗತ್ಯವೂ ಇಲ್ಲ.

ಮೇಲಿನ ಲೆಕ್ಕವೆಲ್ಲ ಸೀಲಿಂಗಿನಲ್ಲಿ ತೂತುಗಳೇ ಇಲ್ಲ ಎಂಬ ಊಹೆಯ ಮೇಲೆ ನಿಂತಿದೆ. ನಿಜವಾದ ಮನೆಯಲ್ಲಿ ಗೋಡೆಗಳ ನೆತ್ತಿಯ ಮರದ ಪಟ್ಟಿಗಳಲ್ಲಿ ವೈರಿಗಾಗಿ ಕೊರೆದ ರಂಧ್ರಗಳಿರುತ್ತವೆ, ಬಚ್ಚಲಿನ ಕೊಳಾಯಿ ಮೇಲೇರುವಲ್ಲಿ ಕೈ ತೂರುವಷ್ಟು ಸಂದು ಇರುತ್ತದೆ, ಸೀಲಿಂಗಿನೊಳಗೆ ಕೂರಿಸಿದ ದೀಪದ ಡಬ್ಬಿಗಳ ಸುತ್ತ ಬಿರುಕು ಇರುತ್ತದೆ. ಊದಿದ ಉಣ್ಣೆ, ಅಂದರೆ ಈ ಇನ್ಸುಲೇಷನ್, ಶಾಖವನ್ನು ತಡೆಯುತ್ತದೆಯೇ ಹೊರತು ಗಾಳಿಯನ್ನು ತಡೆಯುವುದಿಲ್ಲ. ಹದಿನಾರು ಇಂಚು ಹರಡಿದರೂ ಅದರ ನಡುವಿನಿಂದ ಗಾಳಿ ಸೋರುತ್ತಲೇ ಇರುತ್ತದೆ. ಹ್ಯೂಸ್ಟನ್ನಿನಂಥ ಊರಿನಲ್ಲಿ ಹಾಗೆ ಸೋರಿ ಬರುವ ಗಾಳಿ ಬಿಸಿಯನ್ನಷ್ಟೇ ಅಲ್ಲದೆ ನೀರಿನ ತೇವವನ್ನೂ ಹೊತ್ತು ತರುತ್ತದೆ, ಎ.ಸಿ. ಆ ತೇವವನ್ನು ಹಿಂಡಿ ತೆಗೆಯುವುದಕ್ಕೂ ದುಡಿಯಬೇಕಾಗುತ್ತದೆ. ಈ ರಂಧ್ರಗಳನ್ನು ಫೋಮ್ ಮತ್ತು ಸಂದು ತುಂಬುವ ಅಂಟಾದ ಕಾಲ್ಕ್‌ನಿಂದ ಮುಚ್ಚುವುದು ಒಂದು ದಿನದ ಕೆಲಸ. ಆದರೆ ಉಣ್ಣೆ ಹರಡಿದ ಮೇಲೆ ಆ ರಂಧ್ರಗಳು ಕಣ್ಣಿಗೇ ಬೀಳುವುದಿಲ್ಲವಾದ್ದರಿಂದ, ಇದು ಮೊದಲೇ ಆಗಬೇಕು. ಆರ್-60ರ ಮಾತಾಡಿದ ಗುತ್ತಿಗೆದಾರರು ಈ ಕೆಲಸದ ಬಗ್ಗೆ ಏನಾದರೂ ಹೇಳಿದರೇ ಎಂದು ನಿಮ್ಮ ಪತ್ರದಲ್ಲಿ ಹುಡುಕಿದೆ, ಸಿಗಲಿಲ್ಲ.

ಇನ್ನು ಗಾಳಿ ಹರಿಯುವ ಡಕ್ಟ್‌ಗಳ ವಿಷಯ. ನೆಲಮಾಳಿಗೆಯಿಲ್ಲದೆ, ನೆಲದ ಮೇಲೆಯೇ ಕಾಂಕ್ರೀಟ್ ಹಾಸಿ ಕಟ್ಟುವ ಟೆಕ್ಸಸ್ಸಿನ ಮನೆಗಳಲ್ಲಿ ಡಕ್ಟ್‌ಗಳನ್ನೂ, ಎಷ್ಟೋ ಕಡೆ ಎ.ಸಿ.ಯ ಒಳ ಯಂತ್ರವನ್ನೂ ಅಟ್ಟದಲ್ಲೇ ಇಡುತ್ತಾರೆ. ಅಂದರೆ ಇಡೀ ಮನೆಯಲ್ಲಿ ಅತ್ಯಂತ ತಂಪಾದ, 55 ಡಿಗ್ರಿಯ ಗಾಳಿಯು ಅತ್ಯಂತ ಬಿಸಿಯಾದ, 130 ಡಿಗ್ರಿಯ ಜಾಗವನ್ನು ಹಾದು ಕೋಣೆಗೆ ಬರುತ್ತದೆ. ಸೀಲಿಂಗಿಗೆ 54 ಡಿಗ್ರಿಯ ಅಂತರವಿದ್ದರೆ ಡಕ್ಟಿಗೆ 75 ಡಿಗ್ರಿಯ ಅಂತರ. ಸೀಲಿಂಗಿಗೆ ಆರ್-49 ಹೊದಿಸಲು ಹೊರಟಿದ್ದೇವೆ, ಡಕ್ಟಿನ ಮೇಲಿನ ಹೊದಿಕೆ ಆರ್-6 ಅಥವಾ ಆರ್-8 ಮಾತ್ರ. ಇದರ ಮೇಲೆ ಕೀಲುಗಳಲ್ಲಿ ಸೋರಿಕೆಯಿದ್ದರೆ ಕೇಳುವುದೇ ಬೇಡ. ಸಾಮಾನ್ಯ ಮನೆಯೊಂದರ ಡಕ್ಟ್‌ಗಳಲ್ಲಿ ಹರಿಯುವ ಗಾಳಿಯ 20ರಿಂದ 30 ಶೇಕಡಾ ಹೀಗೆ ಸೋರಿಹೋಗುತ್ತದೆ ಎಂಬುದು ಎನರ್ಜಿ ಸ್ಟಾರ್ ಅಂದಾಜು. ನಿಮ್ಮ ಹಿಂದಿನ ಕೋಣೆಯ ಕಷ್ಟಕ್ಕೆ ನನಗೆ ಮೊದಲ ಅನುಮಾನ ಬರುವುದು ಇಲ್ಲೇ. ಆ ಕೋಣೆಯ ಜಾಲರಿಯ ಮುಂದೆ ಕೈ ಹಿಡಿದು, ಮುಂದಿನ ಕೋಣೆಯ ಗಾಳಿಯ ರಭಸದೊಡನೆ ಹೋಲಿಸಿ ನೋಡಿ. ಬಹಳ ಕಡಿಮೆಯಿದ್ದರೆ ಅಟ್ಟದಲ್ಲಿ ಡಕ್ಟ್ ಮಡಚಿರಬಹುದು, ಜಜ್ಜಿರಬಹುದು ಅಥವಾ ಕಳಚಿಯೇ ಹೋಗಿರಬಹುದು. ಕೀಲುಗಳಿಗೆ ಮ್ಯಾಸ್ಟಿಕ್ ಎಂಬ ಗಟ್ಟಿ ಲೇಪವನ್ನೇ ಬಳಿಸಿ. ಡಕ್ಟ್ ಟೇಪ್ ಎಂದು ಮಾರುವ ಬಟ್ಟೆಯ ಟೇಪು ಹೆಸರಿಗೆ ತಕ್ಕ ಕೆಲಸ ಮಾಡುವುದಿಲ್ಲವೆಂದು ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ 1998ರಲ್ಲೇ ಪರೀಕ್ಷಿಸಿ ತೋರಿಸಿದೆ.

ಕೊನೆಯದಾಗಿ ಅಟ್ಟಕ್ಕೆ ಹತ್ತುವ ಮಡಚು ಏಣಿಯ ಬಾಗಿಲು. ಹತ್ತು ಚದರ ಅಡಿಯ ಆ ತೆಳು ಹಲಗೆಯನ್ನು ಆರ್-1 ಎಂದು ಲೆಕ್ಕ ಹಿಡಿದರೆ ಅದೊಂದರಿಂದಲೇ ಗಂಟೆಗೆ 540 ಬಿಟಿಯು ಇಳಿಯುತ್ತದೆ. ಆರ್-49 ಹೊದಿಸಿದ 490 ಚದರ ಅಡಿ ಸೀಲಿಂಗಿನಿಂದ ಇಳಿಯುವ ಶಾಖಕ್ಕೆ ಇದು ಸಮ. ಆ ಬಾಗಿಲಿನ ಮೇಲೆ ಗಟ್ಟಿ ಫೋಮ್ ಹಲಗೆಯ ಪೆಟ್ಟಿಗೆಯೊಂದನ್ನು ಮುಚ್ಚಳದಂತೆ ಕೂರಿಸಿ, ಅಂಚಿಗೆ ರಬ್ಬರ್ ಪಟ್ಟಿ ಹಚ್ಚಿಸಿ. ತೂತು ಮುಚ್ಚಿ, ಡಕ್ಟ್ ಸರಿಪಡಿಸಿ, ಬಾಗಿಲಿಗೆ ಮುಚ್ಚಳ ಮಾಡಿ, ಆಮೇಲೆ ಊದಿಸಿದರೆ ಮುಂದಿನ ಬೇಸಿಗೆಗೆ ನಿಮ್ಮ ಅತ್ತೆ-ಮಾವ ಅದೇ ಕೋಣೆಯಲ್ಲಿ ನೆಮ್ಮದಿಯಿಂದ ಮಧ್ಯಾಹ್ನದ ನಿದ್ದೆ ಮಾಡಬಹುದೆಂದು ನಾನು ನಂಬುತ್ತೇನೆ.

ಪ್ರಶ್ನೆ: ಡಲ್ಲಸ್ ಹತ್ತಿರ ಫ್ರಿಸ್ಕೊದಲ್ಲಿದ್ದೇವೆ. ಫೈಬರ್‌ಗ್ಲಾಸ್ ಊದಿಸುವುದೋ ಸೆಲ್ಯುಲೋಸ್ ಊದಿಸುವುದೋ ಎಂಬುದೇ ನಮ್ಮ ಮನೆಯಲ್ಲಿ ತಿಂಗಳಿಂದ ಚರ್ಚೆ. ಸೆಲ್ಯುಲೋಸ್ ಎಂದರೆ ಹಳೇ ಪೇಪರ್, ಬೆಂಕಿ ಹತ್ತಿಕೊಂಡರೆ ಗತಿಯೇನು ಎಂದು ನಮ್ಮ ಯಜಮಾನರಿಗೆ ಭಯ.

ಉತ್ತರ: ಭಯ ಸಹಜವಾದದ್ದೇ. ಆದರೆ ಹಳೆಯ ಪತ್ರಿಕೆಯ ಕಾಗದವನ್ನು ಪುಡಿಮಾಡಿದ ಮೇಲೆ ಅದಕ್ಕೆ ಬೋರಿಕ್ ಆಮ್ಲವನ್ನೋ ಅಮೋನಿಯಂ ಸಲ್ಫೇಟನ್ನೋ ಬೆರೆಸಿರುತ್ತಾರೆ; ಉರಿಯನ್ನು ತಡೆಯುವ ಬಗ್ಗೆ ಅಮೆರಿಕದ ಕೇಂದ್ರ ಸರ್ಕಾರದ ಕಡ್ಡಾಯ ಮಾನದಂಡವನ್ನು ಅದು ಪಾಲಿಸಲೇಬೇಕು. ಆಯ್ಕೆಯಿದ್ದರೆ ಬರೀ ಬೋರೇಟ್ (ಬೋರಿಕ್ ಆಮ್ಲದಂಥ ಬೋರಾನ್ ಸಂಯುಕ್ತ) ಬೆರೆಸಿದ್ದನ್ನು ಕೇಳಿ, ಅಮೋನಿಯಂ ಸಲ್ಫೇಟ್ ಇರುವುದು ತೇವಗೊಂಡರೆ ವಾಸನೆ ಬರುವುದುಂಟು. ಎರಡರಲ್ಲಿ ಯಾವುದನ್ನೇ ಹಾಕಿಸಿದರೂ ಗ್ಯಾಸ್ ಹೀಟರಿನ ಹೊಗೆಕೊಳವೆಗೂ, ಇನ್ಸುಲೇಷನ್ ತಗುಲಬಹುದೆಂಬ ಗುರುತಿಲ್ಲದ ಹಳೆಯ ಮಾದರಿಯ ಸೀಲಿಂಗ್ ದೀಪಗಳಿಗೂ ಅದು ತಾಗದಂತೆ ತಗಡಿನ ಬೇಲಿ ಕಟ್ಟಿಸಲೇಬೇಕು. ಆ ದೀಪಗಳ ಸುತ್ತ ಕನಿಷ್ಠ ಮೂರು ಇಂಚು ಬಿಡಬೇಕು. ದೀಪಗಳನ್ನೇ ಬದಲಿಸಿ ಹೊಸ ಮುಚ್ಚಿದ ಮಾದರಿಯ ಎಲ್‌ಇಡಿ ಹಾಕಿಸುವುದು ಇನ್ನೂ ಮೇಲು.

ಗುಣದ ಮಾತಿಗೆ ಬಂದರೆ, ಸೆಲ್ಯುಲೋಸ್ ಒಂದು ಇಂಚಿಗೆ 3.2ರಿಂದ 3.8 ಆರ್-ಮೌಲ್ಯ ಕೊಡುತ್ತದೆ, ಊದಿದ ಫೈಬರ್‌ಗ್ಲಾಸ್ 2.2ರಿಂದ 2.7. ಆದ್ದರಿಂದ ಆರ್-38ಕ್ಕೆ ಸೆಲ್ಯುಲೋಸ್ 10ರಿಂದ 12 ಇಂಚು ಸಾಕು, ಫೈಬರ್‌ಗ್ಲಾಸ್ 14ರಿಂದ 17 ಇಂಚು ಬೇಕು. ಸೂರಿನ ಹತ್ತಿರ ಛಾವಣಿ ತಗ್ಗಿ ಜಾಗ ಕಿರಿದಾಗುವ ಅಟ್ಟಗಳಲ್ಲಿ ಈ ವ್ಯತ್ಯಾಸ ಮುಖ್ಯವಾಗುತ್ತದೆ. ಸೆಲ್ಯುಲೋಸ್ ಒತ್ತಾಗಿ ಕೂರುವುದರಿಂದ ಅದರೊಳಗೆ ಗಾಳಿಯ ಓಡಾಟವೂ ಕಡಿಮೆ. ಆದರೆ ಅದು ಭಾರ. ಜಂತೆಗಳ ನಡುವೆ 24 ಇಂಚು ಅಂತರವಿದ್ದು ಕೆಳಗೆ ಅರ್ಧ ಇಂಚಿನ ಡ್ರೈವಾಲ್ (ಸೀಲಿಂಗಿನ ಜಿಪ್ಸಂ ಹಲಗೆ) ಇದ್ದರೆ, ಆರ್-38ರಷ್ಟು ಸೆಲ್ಯುಲೋಸಿನ ಭಾರಕ್ಕೆ ಸೀಲಿಂಗ್ ಜೋತುಬೀಳುವ ಸಂಭವವಿದೆ. ಜೊತೆಗೆ ಅದು ಕಾಲಕ್ರಮದಲ್ಲಿ ಕುಸಿದು ತಗ್ಗುತ್ತದೆ, ಫೈಬರ್‌ಗ್ಲಾಸ್ ಅಷ್ಟಾಗಿ ಕುಸಿಯುವುದಿಲ್ಲ.

ಹಗುರವಾದ ಫೈಬರ್‌ಗ್ಲಾಸಿನೊಳಗೆ ಗಾಳಿ ಸುಳಿದಾಡಿ ಅದರ ಶಕ್ತಿ ಕುಂದುತ್ತದೆ ಎಂಬ ದೂರನ್ನು ನೀವು ಓದಿರಬಹುದು. ಅದು ಸುಳ್ಳಲ್ಲ, ಆದರೆ ಹಿಮ ಬೀಳುವ ಊರುಗಳ ಕಥೆ. ಅಲ್ಲಿ ಕೆಳಗಿನ ಕೋಣೆ ಬೆಚ್ಚಗಿದ್ದು ಮೇಲೆ ಕೊರೆಯುವ ಚಳಿ ಇರುವುದರಿಂದ ಬೆಚ್ಚನೆಯ ಗಾಳಿ ಉಣ್ಣೆಯೊಳಗೇ ಮೇಲೇರಿ, ತಣ್ಣನೆಯದು ಕೆಳಗಿಳಿದು ಸುತ್ತು ಹೊಡೆಯುತ್ತದೆ. ಬೇಸಿಗೆಯಲ್ಲಿ ಬಿಸಿ ಇರುವುದು ಮೇಲೆ, ತಂಪು ಕೆಳಗೆ. ಬಿಸಿ ಗಾಳಿ ಮೇಲೆಯೇ ನಿಲ್ಲುತ್ತದೆ, ಸುತ್ತು ಹುಟ್ಟುವುದೇ ಇಲ್ಲ. ಹಾಗಾಗಿ ನಿಮ್ಮ ಊರಿನ ಮಟ್ಟಿಗೆ ಆ ದೂರನ್ನು ಪಕ್ಕಕ್ಕಿಡಿ. ನಿಮ್ಮ ಜಂತೆಗಳ ಅಂತರ 16 ಇಂಚಾದರೆ ಸೆಲ್ಯುಲೋಸ್, 24 ಇಂಚಾದರೆ ಫೈಬರ್‌ಗ್ಲಾಸ್ ಎಂದು ನಾನು ಹೇಳುವೆ. ಎರಡೂ ಒಳ್ಳೆಯ ವಸ್ತುಗಳೇ. ತಿಂಗಳ ಚರ್ಚೆಯನ್ನು ಇಲ್ಲಿಗೆ ಮುಗಿಸಬಹುದು.

ಪ್ರಶ್ನೆ: ಫೀನಿಕ್ಸ್ ಪಕ್ಕದ ಚಾಂಡ್ಲರಿನಿಂದ ಬರೆಯುತ್ತಿದ್ದೇನೆ. ಅಟ್ಟದ ಬಿಸಿಯನ್ನು ಹೊರಗೆಳೆಯಲು ವಿದ್ಯುತ್ ಫ್ಯಾನ್ ಹಾಕಿಸುವುದು, ಛಾವಣಿಯ ಒಳಬದಿಗೆ ಬೆಳ್ಳಿಯಂತೆ ಹೊಳೆಯುವ ಹಾಳೆ ಬಡಿಸುವುದು, ಇಲ್ಲವೇ ಇನ್ಸುಲೇಷನ್ ಊದಿಸುವುದು, ಈ ಮೂರರಲ್ಲಿ ಯಾವುದು ಮೊದಲು?

ಉತ್ತರ: ನಿಮ್ಮ ಊರಿನ ಬಿಸಿಲನ್ನು ನಾನೂ ಉಂಡವನು. 2023ರಲ್ಲಿ ಫೀನಿಕ್ಸಿನಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಮೇಲೆ, 2024ರಲ್ಲಿ ಸತತ 113 ದಿನ 100 ಅಥವಾ ಅದಕ್ಕೂ ಮೇಲೆ ತಾಪಮಾನವಿತ್ತು. ಅಂಥ ಊರಿನಲ್ಲಿ ಮೊದಲು ರಂಧ್ರ ಮುಚ್ಚುವುದು ಮತ್ತು ಡಕ್ಟ್, ಆಮೇಲೆ ಊದುವ ಇನ್ಸುಲೇಷನ್, ಹಣ ಉಳಿದರೆ ಹೊಳೆಯುವ ಹಾಳೆ. ವಿದ್ಯುತ್ ಫ್ಯಾನ್ ಬೇಡ.

ಫ್ಯಾನ್ ಏಕೆ ಬೇಡವೆಂದರೆ, ಅದು ಅಟ್ಟದ ಗಾಳಿಯನ್ನು ಹೊರಗೆ ತಳ್ಳುವಾಗ ಆ ಜಾಗವನ್ನು ತುಂಬಲು ಬೇರೆ ಗಾಳಿ ಎಲ್ಲಿಂದಾದರೂ ಬರಲೇಬೇಕು. ಸೂರಿನ ಕಿಂಡಿಗಳು ಸಾಲದಿದ್ದರೆ ಸೀಲಿಂಗಿನ ಸಂದುಗಳಿಂದ, ನೀವು ದುಡ್ಡು ಕೊಟ್ಟು ತಂಪು ಮಾಡಿದ ಗಾಳಿಯನ್ನೇ ಅದು ಎಳೆದುಕೊಳ್ಳುತ್ತದೆ. ಗ್ಯಾಸಿನ ಬಿಸಿನೀರಿನ ಹೀಟರ್ ಮನೆಯೊಳಗಿದ್ದರೆ ಅದರ ಹೊಗೆ ಮೇಲೇರದೆ ಮನೆಯೊಳಗೇ ಹಿಂದಿರುಗುವ ಅಪಾಯವೂ ಇದೆ, ಇದು ಪ್ರಾಣಕ್ಕೆ ಸಂಬಂಧಿಸಿದ ಮಾತು. ಸೂರಿನ ಕೆಳಗಿನ ಕಿಂಡಿಯಿಂದ ಒಳಬಂದು ಛಾವಣಿಯ ನೆತ್ತಿಯಿಂದ ಹೊರಹೋಗುವ ಸಹಜ ಗಾಳಿಯಾಟ ಸಾಕು. ಅಟ್ಟದ ನೆಲದ ವಿಸ್ತಾರದ 150ರಲ್ಲಿ ಒಂದು ಪಾಲು, ಮೇಲೂ ಕೆಳಗೂ ಸಮತೂಕವಾಗಿದ್ದರೆ 300ರಲ್ಲಿ ಒಂದು ಪಾಲಿನಷ್ಟು ತೆರಪು ಇರಬೇಕೆಂಬುದು ರೂಢಿಯಲ್ಲಿರುವ ನಿಯಮ.

ಹೊಳೆಯುವ ಹಾಳೆಯ ಕೆಲಸ ಬೇರೆ ಬಗೆಯದು. ಕಾದ ಛಾವಣಿ ಹಲಗೆ ಒಲೆಯ ಕೆಂಡದಂತೆ ಕೆಳಮುಖವಾಗಿ ಶಾಖದ ಕಿರಣ ಬೀರುತ್ತಿರುತ್ತದೆ. ಅಲ್ಯೂಮಿನಿಯಂ ಮೈ ಆ ಬೀರುವಿಕೆಯನ್ನು ಬಹುಪಾಲು ತಡೆಯುತ್ತದೆ. ಬಿಸಿಲು ಹೆಚ್ಚಿರುವ ಊರುಗಳಲ್ಲಿ ತಂಪಿನ ಖರ್ಚು ಇದರಿಂದ 5ರಿಂದ 10 ಶೇಕಡಾ ಇಳಿಯಬಹುದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಸೀಲಿಂಗಿನ ಮೇಲೆ ಆಗಲೇ ಆರ್-49 ಇದ್ದರೆ ಲಾಭ ಕಡಿಮೆ, ಡಕ್ಟ್‌ಗಳು ಅಟ್ಟದಲ್ಲಿದ್ದರೆ ಹೆಚ್ಚು. ಅದನ್ನು ಛಾವಣಿಯ ತೊಲೆಗಳಿಗೆ, ಮುಂದೆ ಗಾಳಿಯ ತೆರಪಿರುವಂತೆ ಬಡಿಸಬೇಕು. ಊದಿದ ಉಣ್ಣೆಯ ಮೇಲೆ ಚಾಪೆಯಂತೆ ಹಾಸಿಸಿದರೆ ಅರಿಜೋನದ ಧೂಳು ಕೂತು ಕೆಲವೇ ವರ್ಷಗಳಲ್ಲಿ ಹೊಳಪು ಹೋಗುತ್ತದೆ, ಹೊಳಪು ಹೋದ ಹಾಳೆಯಿಂದ ಪ್ರಯೋಜನವಿಲ್ಲ.

ಸಂಜೆಯ ಗಂಟೆಗಳಲ್ಲಿ ವಿದ್ಯುತ್ತಿಗೆ ಹೆಚ್ಚು ದರವಿರುವ ಯೋಜನೆಯಲ್ಲಿ ನೀವಿದ್ದರೆ ಒಂದು ಮಾತು. ಮಧ್ಯಾಹ್ನವೇ ಮನೆಯನ್ನು ನಾಲ್ಕು ಡಿಗ್ರಿ ಹೆಚ್ಚು ತಂಪು ಮಾಡಿಟ್ಟು, ದುಬಾರಿ ಗಂಟೆಗಳಲ್ಲಿ ಯಂತ್ರವನ್ನು ವಿಶ್ರಾಂತಿಗೆ ಬಿಡುವ ಉಪಾಯ ಹಲವರಿಗೆ ಗೊತ್ತು. ತೆಳು ಇನ್ಸುಲೇಷನ್ ಇರುವ ಮನೆಯಲ್ಲಿ ಆ ತಂಪು ಬೇಗ ಕರಗಿಹೋಗುತ್ತದೆ, ಚೆನ್ನಾಗಿ ಹೊದಿಸಿದ ಮನೆಯಲ್ಲಿ ಅಡುಗೆ-ಊಟ ಮುಗಿಯುವ ತನಕ ನಿಲ್ಲುವುದನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಫ್ಲಾರಿಡಾದ ಟ್ಯಾಂಪಾದಲ್ಲಿ ನಮ್ಮ ಮನೆ. ಡಕ್ಟ್‌ಗಳ ಮೇಲೆಯೂ ಉಣ್ಣೆ ಊದಿಸಿ ಹೂತುಬಿಟ್ಟರೆ ಒಳ್ಳೆಯದಲ್ಲವೇ? ಊದುವ ಮೊದಲು ಸೀಲಿಂಗಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಬೇಕೆಂದು ಚಿಕಾಗೋದಲ್ಲಿರುವ ಅಣ್ಣ ಹೇಳುತ್ತಾನೆ.

ಉತ್ತರ: ಚಿಕಾಗೋದ ಅಣ್ಣನವರ ಮಾತು ಚಿಕಾಗೋಕ್ಕೆ ಸರಿ. ಚಳಿಯ ನಾಡಿನಲ್ಲಿ ತೇವ ಮನೆಯೊಳಗಿನಿಂದ ಮೇಲಕ್ಕೆ ಹೋಗುತ್ತದೆ, ಅದನ್ನು ತಡೆಯಲು ಹಾಳೆ ಬೇಕಾಗಬಹುದು. ಟ್ಯಾಂಪಾದಲ್ಲಿ ತೇವ ಹೊರಗಿನಿಂದ ಒಳಕ್ಕೆ ಬರುತ್ತದೆ. ಎ.ಸಿ. ತಂಪಿನಿಂದ ತಣ್ಣಗಿರುವ ಸೀಲಿಂಗಿನ ಮೇಲೆ ಪ್ಲಾಸ್ಟಿಕ್ ಹಾಸಿದರೆ, ಅಟ್ಟದ ತೇವದ ಗಾಳಿ ಉಣ್ಣೆಯ ತಳಕ್ಕಿಳಿದು, ತಣ್ಣೀರಿನ ತಂಬಿಗೆಯ ಹೊರಮೈ ಬೆವರುವಂತೆ ಆ ಹಾಳೆಯ ಮೇಲೆ ನೀರಾಗಿ ನಿಲ್ಲುತ್ತದೆ. ದಯವಿಟ್ಟು ಹಾಸಬೇಡಿ.

ಡಕ್ಟ್ ಹೂಳುವುದಕ್ಕೂ ಇದೇ ಎಚ್ಚರ. ಒಣ ಹವೆಯ ಫೀನಿಕ್ಸಿನಲ್ಲಿ ಡಕ್ಟ್‌ಗಳನ್ನು ಉಣ್ಣೆಯಲ್ಲಿ ಹೂಳುವುದು ಲಾಭದಾಯಕ. ನಿಮ್ಮಲ್ಲಿ ಹಾಗೆ ಹೂತರೆ ಡಕ್ಟಿನ ಹೊರಕವಚಕ್ಕೆ ಮೇಲಿನ ಬಿಸಿ ತಲುಪದೆ ಅದು ತಣ್ಣಗಾಗುತ್ತದೆ, ಆದರೆ ತೇವದ ಗಾಳಿ ಮಾತ್ರ ಉಣ್ಣೆಯ ಮೂಲಕ ಅದನ್ನು ಮುಟ್ಟುತ್ತಲೇ ಇರುತ್ತದೆ. ಕವಚ ಬೆವರಿ, ಸೀಲಿಂಗಿನಲ್ಲಿ ಕಂದು ಕಲೆ ಮೂಡುತ್ತದೆ. ಅದಕ್ಕಾಗಿಯೇ ಪೂರ್ತಿ ಹೂಳುವ ಡಕ್ಟಿಗೆ ನಿಮ್ಮಂಥ ತೇವದ ವಲಯಗಳಲ್ಲಿ ಕನಿಷ್ಠ ಆರ್-13 ಹೊದಿಕೆ ಇರಬೇಕೆಂಬ ನಿಯಮವನ್ನು 2018ರ ಇಂಧನ ಸಂಹಿತೆ ತಂದಿತು. ಈಗಿರುವ ಡಕ್ಟಿಗೆ ಅಷ್ಟು ಹೊದಿಕೆ ಇರುವುದು ಅಪರೂಪವಾದ್ದರಿಂದ, ಹೂಳದೆ ಬಿಡುವುದೇ ಕ್ಷೇಮ. ಬಚ್ಚಲುಮನೆಯ ಫ್ಯಾನಿನ ಕೊಳವೆ ಅಟ್ಟದಲ್ಲೇ ಬಾಯಿ ತೆರೆದು ಬಿದ್ದಿದೆಯೇ ಎಂಬುದನ್ನೂ ನೋಡಿಸಿ. ಅದು ಛಾವಣಿಯ ಹೊರಗೆ ತೆರೆಯಬೇಕು.

ಪ್ರಶ್ನೆ: ಕೆಲಸ ಮುಗಿದ ಮೇಲೆ ಅಟ್ಟಕ್ಕೆ ಹತ್ತಿ ನೋಡಿದರೆ ಎಲ್ಲೆಲ್ಲೂ ಬಿಳಿ ಹೊದಿಕೆ. ಗುತ್ತಿಗೆದಾರರು ಹೇಳಿದಷ್ಟು ಹಾಕಿದ್ದಾರೋ ಇಲ್ಲವೋ ಎಂದು ನಮ್ಮಂಥವರು ತಿಳಿಯುವುದು ಹೇಗೆ? ತೆರಿಗೆ ರಿಯಾಯಿತಿ ಈಗಲೂ ಇದೆಯೇ? (ಆಸ್ಟಿನ್)

ಉತ್ತರ: ಈ ಪ್ರಶ್ನೆಗೆ ನನ್ನದೇ ಮನೆಯ ಅನುಭವದಿಂದ ಉತ್ತರಿಸುತ್ತೇನೆ. ನಮ್ಮ ಮೊದಲ ಮನೆಗೆ ಫೈಬರ್‌ಗ್ಲಾಸ್ ಊದಿಸಿದಾಗ ನಾನು ಆಫೀಸಿನಲ್ಲಿದ್ದೆ. ಸಂಜೆ ಬಂದು ನೋಡಿದರೆ ಅಳತೆಪಟ್ಟಿ ಹದಿನೈದು ಇಂಚು ತೋರಿಸುತ್ತಿತ್ತು, ಸಂತೋಷವಾಯಿತು. ಆದರೆ ಮನೆಯ ಪಕ್ಕದಲ್ಲಿ ಅವರು ಬಿಟ್ಟುಹೋಗಿದ್ದ ಖಾಲಿ ಚೀಲಗಳನ್ನು ನನ್ನ ಹೆಂಡತಿ ಎಣಿಸಿಟ್ಟಿದ್ದಳು, ಇಪ್ಪತ್ತೊಂದು. ಚೀಲದ ಮೇಲಿನ ಕೋಷ್ಟಕದ ಪ್ರಕಾರ ನಮ್ಮ ಅಟ್ಟಕ್ಕೆ ಮೂವತ್ತು ಬೇಕಿತ್ತು. ಯಂತ್ರದಲ್ಲಿ ಗಾಳಿ ಹೆಚ್ಚು ಮಾಡಿ, ವಸ್ತು ಕಡಿಮೆ ಮಾಡಿ ಊದಿದರೆ ಪದರ ಎತ್ತರವಾಗಿ ಕಾಣುತ್ತದೆ, ಆದರೆ ಆರ್-ಮೌಲ್ಯ ಬರುವುದಿಲ್ಲ. ಇಷ್ಟು ಸಾಲದೆಂಬಂತೆ ಸೂರಿನ ಗಾಳಿಕಿಂಡಿಗಳನ್ನೂ ಉಣ್ಣೆಯಿಂದ ಮುಚ್ಚಿಹಾಕಿದ್ದರು. ಇಂಚು ನೋಡಿ ನಂಬುವುದನ್ನು ನಾನು ಅಂದೇ ಬಿಟ್ಟೆ.

ಆದ್ದರಿಂದ ಚೀಲ ಎಣಿಸಿ. ಪ್ರತಿ ಚೀಲದ ಮೇಲೂ ಬೇಕಾದ ಆರ್-ಮೌಲ್ಯಕ್ಕೆ 1,000 ಚದರ ಅಡಿಗೆ ಎಷ್ಟು ಚೀಲ, ಊದಿದಾಗ ಎಷ್ಟು ದಪ್ಪ, ಕುಸಿದ ಮೇಲೆ ಕನಿಷ್ಠ ಎಷ್ಟು ದಪ್ಪ ಎಂಬ ಕೋಷ್ಟಕ ಮುದ್ರಿತವಾಗಿರುತ್ತದೆ. ಕೆಲಸ ಶುರುವಾಗುವ ಮುನ್ನ ಅದರ ಫೋಟೋ ತೆಗೆದುಕೊಳ್ಳಿ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಆರ್-ಮೌಲ್ಯದ ನಿಯಮದಂತೆ, ಊದುವ ಇನ್ಸುಲೇಷನ್ ಹಾಕಿದವರು ವಿಸ್ತಾರ, ದಪ್ಪ, ಆರ್-ಮೌಲ್ಯ ಮತ್ತು ಬಳಸಿದ ಚೀಲಗಳ ಸಂಖ್ಯೆಯನ್ನು ಬರೆದು, ಸಹಿ ಮತ್ತು ದಿನಾಂಕ ಹಾಕಿದ ರಸೀದಿ ಕೊಡಬೇಕು. ಇದು ಗ್ರಾಹಕರ ಹಕ್ಕು. ಕೇಳಲು ಸಂಕೋಚ ಬೇಡ. ಪ್ರತಿ 300 ಚದರ ಅಡಿಗೆ ಒಂದರಂತೆ, ಅಟ್ಟದ ಬಾಗಿಲಿನಿಂದ ಓದುವಂತೆ ಅಳತೆಪಟ್ಟಿ ಇರಬೇಕೆಂಬುದು ಸಂಹಿತೆಯ ಮಾತು. ಸೂರಿನ ಬದಿಯಲ್ಲಿ ಪ್ರತಿ ಕಿಂಡಿಗೂ ಗಾಳಿ ಹೋಗಲು ಬ್ಯಾಫಲ್ ಎಂಬ ತಡಿಕೆ ಕೂರಿಸಿದ್ದಾರೆಯೇ ಎಂದು, ಊದುವ ಮೊದಲೇ ನೋಡಿ.

ತೆರಿಗೆಯ ಬಗ್ಗೆ: ಇನ್ಸುಲೇಷನ್ ವಸ್ತುವಿನ ಬೆಲೆಯ 30 ಶೇಕಡಾ, ವರ್ಷಕ್ಕೆ 1,200 ಡಾಲರಿನ ಮಿತಿಯಲ್ಲಿ ಸಿಗುತ್ತಿದ್ದ ಕೇಂದ್ರದ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಆ ದಿನದೊಳಗೆ ಕೆಲಸ ಮುಗಿಸಿದವರಿಗೆ ಮಾತ್ರ ಅದು ಅನ್ವಯ. ಈಗಲೂ ಅದರ ಆಸೆ ತೋರಿಸುವ ಮಾರಾಟಗಾರರನ್ನು ನಂಬಬೇಡಿ, ನಿಮ್ಮ ವಿದ್ಯುತ್ ಕಂಪನಿಯಲ್ಲಿ ಯಾವುದಾದರೂ ರಿಯಾಯಿತಿ ಇದೆಯೇ ಎಂದು ವಿಚಾರಿಸಿ.

ಪ್ರಶ್ನೆ: ಅಂಗಡಿಯಿಂದ ಯಂತ್ರ ತಂದು ನಾವೇ ಊದಬಹುದೇ?

ಉತ್ತರ: ಊದಬಹುದು. ನಿಗದಿತ ಸಂಖ್ಯೆಯ ಚೀಲ ಕೊಂಡರೆ ದೊಡ್ಡ ಅಂಗಡಿಗಳು ಯಂತ್ರವನ್ನು ಒಂದು ದಿನಕ್ಕೆ ಬಾಡಿಗೆಯಿಲ್ಲದೆ ಕೊಡುವುದುಂಟು. ಕೆಳಗೆ ಚೀಲ ಸುರಿಯಲು ಒಬ್ಬರು, ಮೇಲೆ ಕೊಳವೆ ಹಿಡಿಯಲು ಒಬ್ಬರು ಬೇಕು. ಎನ್-95 ಮುಖಗವಸು, ಕನ್ನಡಕ, ತುಂಬುತೋಳಿನ ಅಂಗಿ ಇರಲಿ. ಕಾಲಿಡುವುದು ಜಂತೆಯ ಮೇಲೆ ಮಾತ್ರ. ಡ್ರೈವಾಲಿನ ಮೇಲೆ ಕಾಲಿಟ್ಟರೆ ಕೆಳಗಿನ ಕೋಣೆಗೇ ಬೀಳುತ್ತೀರಿ. ಈ ಕೆಲಸವನ್ನು ಡಿಸೆಂಬರಿನಿಂದ ಫೆಬ್ರುವರಿಯೊಳಗೆ, ಬೆಳಗಿನ ಹೊತ್ತು ಮಾಡಿ. ಜುಲೈ ತಿಂಗಳ ಅಟ್ಟದಲ್ಲಿ ಅರ್ಧ ಗಂಟೆಯೊಳಗೆ ಆರೋಗ್ಯವಂತರೂ ತಲೆತಿರುಗಿ ಬೀಳಬಹುದು, ಅಲ್ಲಿಂದ ಒಬ್ಬರನ್ನು ಕೆಳಗಿಳಿಸುವುದು ಬಹಳ ಕಷ್ಟ.

ಪ್ರಶ್ನೆ: ನಾವು ಕೊಳ್ಳಲಿರುವ 1950ರ ದಶಕದ ಮನೆಯ ಅಟ್ಟದಲ್ಲಿ ಅಭ್ರಕದಂತೆ ಹೊಳೆಯುವ, ಬೂದು-ಕಂದು ಬಣ್ಣದ ಸಣ್ಣ ಹರಳುಗಳಿವೆ. ಅದರ ಮೇಲೆಯೇ ಊದಿಸಬಹುದೇ?

ಉತ್ತರ: ಮುಟ್ಟಬೇಡಿ, ಗುಡಿಸಬೇಡಿ, ಅದರ ಮೇಲೆ ಏನನ್ನೂ ಊದಿಸಬೇಡಿ. ನಿಮ್ಮ ವರ್ಣನೆ ವರ್ಮಿಕ್ಯುಲೈಟ್ ಎಂಬ ಖನಿಜಕ್ಕೆ ಹೊಂದುತ್ತದೆ. 1919ರಿಂದ 1990ರವರೆಗೆ ಅಮೆರಿಕದಲ್ಲಿ ಮಾರಾಟವಾದ ವರ್ಮಿಕ್ಯುಲೈಟಿನ 70 ಶೇಕಡಾಕ್ಕಿಂತ ಹೆಚ್ಚು ಪಾಲು ಮೊಂಟಾನಾ ರಾಜ್ಯದ ಲಿಬ್ಬಿ ಎಂಬ ಊರಿನ ಗಣಿಯಿಂದ ಬಂದದ್ದು. ಆ ಗಣಿಯಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಬೆರೆತಿತ್ತು. ಅದರ ಎಳೆಗಳು ಶ್ವಾಸಕೋಶಕ್ಕೆ ಹೋದರೆ ದಶಕಗಳ ಮೇಲೆ ಕ್ಯಾನ್ಸರ್ ತರಬಲ್ಲವು. ಅದರಲ್ಲಿ ಕಲ್ನಾರು ಇದೆಯೆಂದೇ ಭಾವಿಸಿ ನಡೆದುಕೊಳ್ಳಿ ಎಂಬುದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ. ತೆಗೆಸುವುದಿದ್ದರೆ ತರಬೇತಿ ಪಡೆದವರಿಂದಲೇ ತೆಗೆಸಬೇಕು, ಆ ಖರ್ಚನ್ನು ಮನೆಯ ಬೆಲೆಯ ಮಾತುಕತೆಯಲ್ಲೇ ಸೇರಿಸಿ.

ಪ್ರಶ್ನೆ: ಮಗನ ಮನೆಗೆಂದು ಡಲ್ಲಸ್ಸಿಗೆ ಹೋದಾಗ ಅಟ್ಟಕ್ಕೆ ಉಣ್ಣೆ ಊದುವುದನ್ನು ಕಂಡೆ. ಕಲಬುರಗಿಯಲ್ಲಿ ನಮ್ಮದು ಆರ್‌ಸಿಸಿ ಮನೆ. ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿ ಹನ್ನೊಂದಾದರೂ ಸ್ಲ್ಯಾಬ್ ಬೆಂಕಿಯಂತಿರುತ್ತದೆ. ನಮ್ಮಲ್ಲೂ ಹೀಗೆ ಮಾಡಿಸಲು ಬರುತ್ತದೆಯೇ?

ಉತ್ತರ: ಹಿರಿಯರಾದ ತಾವು ಕಂಡದ್ದನ್ನು ನಮ್ಮ ಊರಿಗೆ ತರಬೇಕೆಂದು ಯೋಚಿಸಿದ್ದು ನನಗೆ ಬಹಳ ಮೆಚ್ಚಿಗೆಯಾಯಿತು. ಆದರೆ ಊದುವ ಉಣ್ಣೆಗೆ ಅಟ್ಟದಂಥ ಒಣಗಿದ, ಮುಚ್ಚಿದ ಜಾಗ ಬೇಕು; ತಮ್ಮ ಸ್ಲ್ಯಾಬಿನ ಮೇಲೆ ಬಯಲು, ಕೆಳಗೆ ಕೋಣೆ. ಇನ್ನೊಂದು ಮುಖ್ಯ ವ್ಯತ್ಯಾಸವೂ ಇದೆ. ಡಲ್ಲಸ್ಸಿನ ಮರದ ಛಾವಣಿ ಹಗುರ, ಹೊತ್ತು ಮುಳುಗಿದ ಮೇಲೆ ಬೇಗ ಆರುತ್ತದೆ. ಆರು ಇಂಚಿನ ಕಾಂಕ್ರೀಟು ಹಗಲೆಲ್ಲ ಬಿಸಿಲನ್ನು ಕುಡಿದು ರಾತ್ರಿಯೆಲ್ಲ ಕೋಣೆಯೊಳಕ್ಕೆ ಉಗುಳುತ್ತದೆ. ಆದ್ದರಿಂದ ನಮ್ಮಲ್ಲಿ ತಡೆ ಇರಬೇಕಾದದ್ದು ಸ್ಲ್ಯಾಬಿನ ಮೇಲ್ಭಾಗದಲ್ಲಿ, ಬಿಸಿಲು ಕಾಂಕ್ರೀಟಿಗೆ ಮುಟ್ಟುವ ಮೊದಲೇ. ಕೆಳಗೆ ಫಾಲ್ಸ್ ಸೀಲಿಂಗ್ ಮಾಡಿಸಿ ಗ್ಲಾಸ್ ವುಲ್ ಇಡಿಸಿದರೆ ಕೋಣೆಗೆ ಸ್ವಲ್ಪ ಆರಾಮ ಸಿಗುತ್ತದೆ, ಆದರೆ ಸ್ಲ್ಯಾಬ್ ಮಾತ್ರ ಕಾಯುತ್ತ, ಹಿಗ್ಗುತ್ತ, ಕುಗ್ಗುತ್ತ ಬಿರುಕು ಬಿಡುವುದು ತಪ್ಪುವುದಿಲ್ಲ.

ತಮ್ಮ ಭಾಗದ ಹಳೆಯ ಮಾಳಿಗೆ ಮನೆಗಳಲ್ಲಿ ಮರದ ಜಂತಿಗಳ ಮೇಲೆ ದಪ್ಪವಾಗಿ ಮಣ್ಣು ಹಾಕುತ್ತಿದ್ದುದು ಬಿಸಿಲಿನ ಹೊಡೆತ ಕೋಣೆಗೆ ತಲುಪುವುದನ್ನು ನಿಧಾನಿಸುತ್ತಿತ್ತು. ಈಗ ಅದಕ್ಕೆ ಬದಲಾಗಿ ಸ್ಲ್ಯಾಬಿಗೆ ಮೊದಲು ನೀರು ಸೋರದ ಲೇಪ, ಅದರ ಮೇಲೆ ಎರಡು ಇಂಚಿನ ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ಹಲಗೆ, ಅದರ ಮೇಲೆ ಇಳಿಜಾರು ಕೊಟ್ಟ ಗಾರೆ, ಎಲ್ಲಕ್ಕೂ ಮೇಲೆ ಬಿಳಿ ಟೈಲ್ಸ್ ಅಥವಾ ಚೈನಾ ಮೊಸಾಯಿಕ್ ಹಾಕಿಸಬಹುದು. ಕೇಂದ್ರ ಸರ್ಕಾರದ 2018ರ ಎಕೋ-ನಿವಾಸ್ ಸಂಹಿತೆಯ ಪ್ರಕಾರ, ಒಂದು ಚದರ ಮೀಟರ್ ಛಾವಣಿಯಿಂದ ಪ್ರತಿ ಡಿಗ್ರಿ ಸೆಲ್ಸಿಯಸ್ ಅಂತರಕ್ಕೆ 1.2 ವ್ಯಾಟಿಗಿಂತ ಹೆಚ್ಚು ಶಾಖ ಇಳಿಯಬಾರದು. ಬರಿಯ ಸ್ಲ್ಯಾಬಿನಲ್ಲಿ ಇದು 3ಕ್ಕಿಂತ ಹೆಚ್ಚಿರುತ್ತದೆ. ಎರಡು ಇಂಚಿನ ಆ ಹಲಗೆ ಹಾಕಿದರೆ ಅರ್ಧ ವ್ಯಾಟಿನ ಆಸುಪಾಸಿಗೆ ಇಳಿಯುತ್ತದೆ.

ಅಷ್ಟು ಖರ್ಚು ಈ ವರ್ಷ ಆಗದಿದ್ದರೆ ತಾರಸಿಯನ್ನು ಚೆನ್ನಾಗಿ ತೊಳೆಸಿ ಬಿಸಿಲನ್ನು ಹಿಂದಕ್ಕೆ ಹೊಡೆಯುವ ಬಿಳಿ ಕೂಲ್ ರೂಫ್ ಬಣ್ಣವನ್ನೋ, ಅದೂ ದುಬಾರಿಯಾದರೆ ಸುಣ್ಣವನ್ನೋ ಎರಡು ಕೈ ಬಳಿಸಿ. ಸುಣ್ಣವನ್ನು ಪ್ರತಿ ವರ್ಷ ಬಳಿಸಬೇಕಾಗುತ್ತದೆ, ಮಳೆಗೆ ತೊಳೆದುಹೋಗುತ್ತದೆ. ಕೂಲ್ ರೂಫ್ ಬಣ್ಣ ಹೆಚ್ಚು ಕಾಲ ಬರುತ್ತದೆ, ಆದರೆ ಧೂಳು ಕೂತಾಗ ಪೊರಕೆ ಹಿಡಿದು ತೊಳೆಸುತ್ತಿರಬೇಕು. ನಂಬಿಕೆ ಬರಲು ಮೊದಲು ತಾವು ಮಲಗುವ ಕೋಣೆಯ ಮೇಲಿನ ಭಾಗಕ್ಕಷ್ಟೇ ಬಳಿಸಿ, ಒಂದು ವಾರ ರಾತ್ರಿ ಒಂಬತ್ತಕ್ಕೆ ಆ ಕೋಣೆಯಲ್ಲೂ ಪಕ್ಕದ ಕೋಣೆಯಲ್ಲೂ ಸಾಮಾನ್ಯ ಥರ್ಮಾಮೀಟರ್ ತೂಗುಹಾಕಿ ಬರೆದಿಟ್ಟುಕೊಳ್ಳಿ. ಬಣ್ಣದ ಕೆಲಸ ಮಾರ್ಚ್ ಮೊದಲ ವಾರದೊಳಗೆ ಮುಗಿದಿರಲಿ. ಆ ಏಳು ದಿನಗಳ ಅಂಕಿಗಳನ್ನು ನಮಗೂ ಬರೆದು ಕಳಿಸಿದರೆ ಮುಂದಿನ ಬೇಸಿಗೆ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.